ನರಸಿಂಹರಾಜು ಅವರ ಸಹಿಯ ಪತ್ರಗಳು

ಶ್ರೀಲತಾ ಮಧುಗಿರಿಯ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಅತಿಥಿ ಉಪನ್ಯಾಸಕಿ. ಈ ಕೆಲಸಕ್ಕೆ ಬಂದು ಹದಿನಾರು ವರ್ಷವಾಗಿತ್ತು. ಮೊದಲ ಮೂರು ವರ್ಷ ಪಾವಗಡ, ಆಮೇಲೆ ಎರಡು ವರ್ಷ ಕೊರಟಗೆರೆ, ಉಳಿದದ್ದೆಲ್ಲ ಮಧುಗಿರಿ. ಪ್ರತಿವರ್ಷ ಮಾರ್ಚಿಗೋ ಏಪ್ರಿಲಿಗೋ ಕೆಲಸ ಮುಗಿಯುತ್ತಿತ್ತು. ತರಗತಿ ಶುರುವಾಗುವ ಹೊತ್ತಿಗೆ ಮತ್ತೆ ಅರ್ಜಿ ಹಾಕಬೇಕು, ಮತ್ತೆ ಪಟ್ಟಿಯಲ್ಲಿ ಹೆಸರು ಹುಡುಕಬೇಕು. ಮನೆ ಶಿರಾದಲ್ಲಿ. ಗಂಡ ಮೋಹನ್ ಕುಮಾರನಿಗೆ ಅಲ್ಲಿಯ ಹಾಲಿನ ಡೇರಿಯಲ್ಲಿ ಕೆಲಸ. ಬೆಳಿಗ್ಗೆ ಏಳೂವರೆಯ ಬಸ್ಸು ಹತ್ತಿ ಬಡವನಹಳ್ಳಿಯ ಮೇಲೆ ಮಧುಗಿರಿಗೆ ಹೋಗಿ, ಸಂಜೆ ಅದೇ ದಾರಿಯಲ್ಲಿ ಬರುವಳು. ಹನ್ನೊಂದು ವರ್ಷ ಆ ದಾರಿಯ ಎರಡೂ ಬದಿಯ ಗಿಡಗಳನ್ನು ನೋಡಿದ್ದರಿಂದ ಯಾವ ಹಳ್ಳದ ಪಕ್ಕ ಯಾವ ತಿಂಗಳು ಯಾವುದು ಹೂ ಬಿಡುತ್ತದೆ ಎಂಬುದು ಅವಳಿಗೆ ಬಾಯಿಪಾಠವಾಗಿತ್ತು.

ವಿಭಾಗದ ಮುಖ್ಯಸ್ಥರು ನರಸಿಂಹರಾಜು. ಇಡೀ ವಿಭಾಗದಲ್ಲಿ ಕಾಯಂ ನೌಕರಿ ಇದ್ದದ್ದು ಅವರೊಬ್ಬರಿಗೆ. ನಿವೃತ್ತಿಗೆ ಎರಡು ವರ್ಷ ಬಾಕಿ. ಕೆಟ್ಟ ಮನುಷ್ಯರಲ್ಲ. ಯಾರ ಮೇಲೂ ಗದರಿದವರಲ್ಲ, ಯಾರ ರಜೆಯನ್ನೂ ತಡೆದವರಲ್ಲ. ಆದರೆ ಬರೆಯುವುದೆಂದರೆ ಅವರಿಗೆ ಜ್ವರ ಬಂದಂತಾಗುತ್ತಿತ್ತು. ಓದು ಮುಗಿಸಿದ ಮಕ್ಕಳು ಮುಂದೆ ದೊಡ್ಡ ಸಂಸ್ಥೆಗಳಿಗೆ ಅರ್ಜಿ ಹಾಕುವಾಗ ಕಲಿಸಿದವರ ಶಿಫಾರಸು ಪತ್ರ ಬೇಕಲ್ಲ, ಅದನ್ನು ಕೇಳಿಕೊಂಡು ಇವರ ಬಳಿಗೇ ಬರುತ್ತಿದ್ದರು. ಗುರುವಾರ ಬನ್ನಿ ಎಂದು ಮಕ್ಕಳನ್ನು ಕಳಿಸಿ, ನರಸಿಂಹರಾಜು ಆ ಕಾಗದವನ್ನು ಶ್ರೀಲತಾಳ ಮೇಜಿನ ಮೇಲಿಡುತ್ತಿದ್ದರು. ಅವಳು ಬರೆಯುತ್ತಿದ್ದಳು. ಅವರು ಸಹಿ ಹಾಕುತ್ತಿದ್ದರು. ಅಟೆಂಡರ್ ರಂಗೇಶ ಮುದ್ರೆ ಒತ್ತಿ, ಲಕೋಟೆಗೆ ಅಂಟು ಹಚ್ಚುತ್ತಿದ್ದ. ಗುರುವಾರ ಮಕ್ಕಳ ಕೈಗೆ ಮುಚ್ಚಿದ ಲಕೋಟೆ ಸಿಗುತ್ತಿತ್ತು. ಬರೆದವರು ಯಾರೆಂದು ಮಕ್ಕಳಿಗೆ ಗೊತ್ತಿರಲಿಲ್ಲ.

ರಂಗೇಶ ಪಾವಗಡದ ಕಡೆಯವನು, ಐವತ್ತು ದಾಟಿದವನು, ನಾಲಿಗೆ ಚೂಪು, ಮಾತಿನ ನಡುವೆ ತೆಲುಗು ನುಸುಳುವುದು. ಒಮ್ಮೆ ಲಕೋಟೆ ಅಂಟಿಸುತ್ತ ಹೇಳಿದ್ದ: "ಬರೆಯೋದು ನೀವು, ಸೈನು ಅವರದು, ಸೀಲು ನಂದು. ಮೂರು ಜನ ಸೇರ್ಕಂಡು ಒಬ್ಬ ಹೆಡ್ಡು ಆಗಿದೀವಿ ಮೇಡಂ. ಸಂಬಳ ಮಾತ್ರ ಒಬ್ಬರಿಗೇ, ಅಂತೇ ಕದಾ."

ಶ್ರೀಲತಾ ನಕ್ಕಿದ್ದಳು. ಅವಳನ್ನು ಪಾಪದವಳೆಂದು ತಿಳಿಯಬೇಕಿಲ್ಲ. ಬರೆಯುವುದರಲ್ಲಿ ಅವಳಿಗೊಂದು ಗುಟ್ಟಿನ ಸೊಕ್ಕಿತ್ತು. ಬೇರೆ ಕಾಲೇಜುಗಳಿಂದ ಹೋಗುವ ಪತ್ರಗಳೆಲ್ಲ ಒಂದೇ ಅಚ್ಚಿನವು ಎಂಬುದು ಅವಳಿಗೆ ಗೊತ್ತಿತ್ತು: ಶ್ರಮಜೀವಿ, ಸದ್ಗುಣಿ, ಉಜ್ವಲ ಭವಿಷ್ಯ. ಅವಳು ಹಾಗೆ ಬರೆಯುತ್ತಿರಲಿಲ್ಲ. ಯಾವ ಹುಡುಗ ಸೂಕ್ಷ್ಮದರ್ಶಕದ ಗಾಜು ಒರೆಸಿಟ್ಟು ಹೋಗುತ್ತಾನೆ, ಯಾವ ಹುಡುಗಿ ತಪ್ಪಾದ ಚಿತ್ರವನ್ನು ಅಳಿಸದೆ ಪಕ್ಕದಲ್ಲಿ ಮತ್ತೊಂದು ಬರೆಯುತ್ತಾಳೆ, ಇಂಥದ್ದನ್ನು ನೋಡಿ ನೆನಪಿಟ್ಟುಕೊಂಡು ಬರೆಯುತ್ತಿದ್ದಳು. ಪತ್ರ ಕೆಲಸ ಮಾಡಿ ಮಗುವಿಗೆ ಸೀಟು ಸಿಕ್ಕರೆ ಅದು ತನ್ನ ಗೆಲುವೆಂದು ಒಳಗೇ ಎಣಿಸಿಕೊಳ್ಳುತ್ತಿದ್ದಳು. ಸಹಿ ಇನ್ನೊಬ್ಬರದು ಎಂಬುದು ಆಗ ಅವಳಿಗೆ ದೊಡ್ಡ ವಿಷಯವೆನಿಸಿರಲಿಲ್ಲ.

ಆ ವರ್ಷ ಹೊಸ ಆದೇಶ ಬಂತು. ಉಪನ್ಯಾಸಕರ ಅರ್ಹತಾ ಪರೀಕ್ಷೆಗಳಾದ ನೆಟ್, ಕೆಸೆಟ್ ಅಥವಾ ಪಿಎಚ್‌.ಡಿ. ಇಲ್ಲದವರನ್ನು ಮುಂದಿನ ವರ್ಷದಿಂದ ಅತಿಥಿಗಳಾಗಿಯೂ ತೆಗೆದುಕೊಳ್ಳುವುದಿಲ್ಲ. ಶ್ರೀಲತಾ ನೆಟ್ ಪರೀಕ್ಷೆಗೆ ನಾಲ್ಕು ಸಲ ಕೂತು ನಾಲ್ಕು ಸಲವೂ ಬಿದ್ದವಳು. ಪಿಎಚ್‌.ಡಿ.ಗೆ ಸೇರಿದವರಿಗೆ ಮೂರು ವರ್ಷದ ವಿನಾಯಿತಿ ಇದೆಯೆಂದು ಅತಿಥಿ ಉಪನ್ಯಾಸಕರ ಸಂಘದವರು ಹೇಳಿದರು. ನಲವತ್ತೆರಡನೆಯ ವಯಸ್ಸಿನಲ್ಲಿ ಅವಳು ವಿಶ್ವವಿದ್ಯಾಲಯವೊಂದರ ಪಿಎಚ್‌.ಡಿ. ಸೀಟಿಗೆ ಅರ್ಜಿ ತರಿಸಿದಳು. ಸೀಟು ಸಿಕ್ಕರೆ ಕೆಲಸ ಉಂಟು, ಸಿಗದಿದ್ದರೆ ಇಲ್ಲ. ವಿಷಯವೇನೋ ಬಹಳ ಕಾಲದಿಂದ ತಲೆಯಲ್ಲಿತ್ತು: ತವರೂರು ಮದಲೂರಿನ ಕೆರೆಯಂಗಳದಲ್ಲಿ ನೀರಿಲ್ಲದ ವರ್ಷ ಏಳುವ ಗಿಡಗಳು ಯಾವುವು, ನೀರು ಬಂದು ಹೋದ ಮೇಲೆ ಮತ್ತೆ ಏಳುವವು ಯಾವುವು.

ಅರ್ಜಿಯ ಕೊನೆಯ ಪುಟದಲ್ಲಿ ಎರಡು ಶಿಫಾರಸು ಪತ್ರ ಕೇಳಿದ್ದರು. ಅಭ್ಯರ್ಥಿಯ ಕೆಲಸವನ್ನು ಹತ್ತಿರದಿಂದ ಬಲ್ಲವರು ತಾವೇ ಬರೆದು ಲಕೋಟೆ ಮುಚ್ಚಿ, ಅಂಟಿನ ಮೇಲೆ ಸಹಿ ಹಾಕಿ ಕೊಡಬೇಕು. ಅಭ್ಯರ್ಥಿ ಅದನ್ನು ನೋಡಿರಬಾರದು.

ಅಂದು ರಾತ್ರಿ ಅಡುಗೆಮನೆಯಲ್ಲಿ ತಾಯಿ ಲಕ್ಕಮ್ಮ ಇದೇನು ಕಾಗದವೆಂದು ಕೇಳಿದಳು. ಲಕ್ಕಮ್ಮ ಗಂಡ ತೀರಿಕೊಂಡ ಮೇಲೆ ಮಗಳ ಮನೆಯಲ್ಲೇ ಇದ್ದಳು. ಶಿಫಾರಸು ಎಂದೊಡನೆ, ಎಮ್ಮೆಲ್ಲೆ ತಾವ ಹೋಗಿ ಬರೆಸ್ಕಂಡ್ ಬಾ, ನಮ್ಮೂರೋರು ಯಾರಾದ್ರೂ ಜತೇಲಿ ಬತ್ತಾರೆ, ಎಂದಳು. ಇದು ಆ ಥರದ್ದಲ್ಲ ಎಂದು ಶ್ರೀಲತಾ ವಿವರಿಸಿದಳು. ಹೆಣ್ಣು ನೋಡಲು ಬಂದವರು ಹೆಣ್ಣನ್ನೇ ಕೇಳುವುದಿಲ್ಲವಲ್ಲ, ಬೀದಿಯವರನ್ನು ವಿಚಾರಿಸುತ್ತಾರಲ್ಲ, ಹಾಗೆ ಎಂದಳು. ಲಕ್ಕಮ್ಮನಿಗೆ ಅರ್ಥವಾಯಿತು.

"ಅಂಗಾದ್ರೆ ಸರಿ. ನಿಮ್ಮ ಸಾಹೇಬ್ರು ಬರೀತಾರೆ ಬುಡು. ಹನ್ನೊಂದು ವರ್ಸದಿಂದ ಕಣ್ಮುಂದೆ ದುಡಿದೋಳ್ನ ಬಿಟ್ಟು ಇನ್ಯಾರ್ಗೆ ಬರೀತಾರೆ ಕಣವ್ವಾ?"

ಮೊದಲು ಅವಳು ಹೋದದ್ದು ಎಂ.ಎಸ್ಸಿ.ಯಲ್ಲಿ ಪಾಠ ಹೇಳಿದ್ದ ಮಲ್ಲಿಕಾರ್ಜುನಯ್ಯನವರ ಬಳಿಗೆ. ನಿವೃತ್ತರಾಗಿ ಕೊರಟಗೆರೆಯಲ್ಲಿ ಸ್ವಂತ ಮನೆ ಕಟ್ಟಿಕೊಂಡಿದ್ದರು. ಎಂಬತ್ತರ ಹತ್ತಿರದ ವಯಸ್ಸು. ಹಣೆಯ ಮೇಲೆ ವಿಭೂತಿ, ಮಡಿಸಿದ ಪಂಚೆ, ಮೇಜಿನ ಮೇಲೆ ಸಾಲಾಗಿ ಜೋಡಿಸಿದ ಔಷಧಿ. ಶ್ರೀಲತಾ ತನ್ನ ವರ್ಷ, ತನ್ನ ಬ್ಯಾಚು, ಪ್ರವಾಸಕ್ಕೆ ಹೋದ ಜಾಗ ಎಲ್ಲ ಹೇಳಿದಳು. ಅವರು ಕಣ್ಣು ಕಿರಿದಾಗಿಸಿ ಅವಳ ಮುಖವನ್ನು ಬಹಳ ಹೊತ್ತು ನೋಡಿದರು.

"ನಿನ್ನ ನೆನಪಿಲ್ಲಮ್ಮ. ನೆನಪಿದೆ ಅಂತ ಬರೆದರೆ ಸುಳ್ಳಾಗುತ್ತೆ. ಈ ವಯಸ್ಸಲ್ಲಿ ಅದು ಬೇಡ."

ಅವಳು ಅಂಕಪಟ್ಟಿ ಮುಂದಿಟ್ಟಳು. ಅದನ್ನು ನೋಡಿಕೊಂಡು ಅವರೇ ಬರೆದರು, ಅವಳ ಎದುರಲ್ಲಲ್ಲ, ಒಳಕೋಣೆಗೆ ಹೋಗಿ. ಲಕೋಟೆ ಮುಚ್ಚಿ, ಸಹಿ ಹಾಕಿ ತಂದು ಕೊಟ್ಟರು. ಇಪ್ಪತ್ತು ವರ್ಷದ ಹಿಂದೆ ಈಕೆ ನನ್ನ ವಿದ್ಯಾರ್ಥಿನಿಯಾಗಿದ್ದಳೆಂದು ದಾಖಲೆ ಹೇಳುತ್ತದೆ, ಪ್ರಥಮ ದರ್ಜೆ, ಅದಕ್ಕಿಂತ ಹೆಚ್ಚು ಹೇಳಲು ನನಗೆ ಆಧಾರವಿಲ್ಲ ಎಂದು ಬರೆದಿದ್ದೇನೆ, ಬೇಡವಾದರೆ ಹರಿದು ಹಾಕು ಎಂದು ಬಾಗಿಲಲ್ಲೇ ಹೇಳಿದರು. ನಿಯಮದ ಪ್ರಕಾರ ಪತ್ರ ಕೊಟ್ಟವರು ಕಡೆಗೂ ಅವರೊಬ್ಬರೇ. ಅವಳು ಹರಿಯಲಿಲ್ಲ. ಉಳಿದಿದ್ದ ಇನ್ನೊಂದು ಪತ್ರದ ಮೇಲೇ ಎಲ್ಲವೂ ನಿಂತಿತ್ತು.

ನರಸಿಂಹರಾಜು ಕೇಳಿದೊಡನೆ ಒಪ್ಪಿದರು. ಚಹಾ ತರಿಸಿದರು. ಈ ಆದೇಶ ಮಾಡಿದವರಿಗೆ ಕಾಲೇಜಿನ ಬಾಗಿಲು ಎಲ್ಲಿದೆಯೆಂದೇ ಗೊತ್ತಿಲ್ಲ ಎಂದು ಬೈದರು. ಕೊನೆಗೆ, ಹನ್ನೊಂದು ವರ್ಷ ಅವಳು ಕೇಳಿದ್ದ ಅದೇ ಮಾತು ಹೇಳಿದರು.

"ಬರ್ಕೊಂಡ್ ಬನ್ನಿ ಮೇಡಂ, ಹಾಕ್ಕೊಡ್ತೀನಿ. ನೀವು ಬರೆದಂಗೆ ನನಗೆಲ್ಲಿ ಬರುತ್ತೆ?"

ನಿಮ್ಮ ಕೈಯಲ್ಲೇ ನಾಲ್ಕು ಮಾತು ಬರೆಯಿರಿ ಸಾರ್ ಎನ್ನಬೇಕೆಂದು ಅವಳಿಗೆ ಅನಿಸಿತು. ಅನ್ನಲಿಲ್ಲ. ಅವರು ಬರೆದರೆ ಏನು ಬರೆಯುತ್ತಾರೆಂದು ಅವಳಿಗೆ ಗೊತ್ತಿತ್ತು.

ಭಾನುವಾರ ಊಟವಾದ ಮೇಲೆ ಬರೆಯಲು ಕೂತಳು. ಮಕ್ಕಳ ಬಗ್ಗೆ ಒಂದು ಗಂಟೆಯಲ್ಲಿ ಎರಡು ಪುಟ ಮುಗಿಸುತ್ತಿದ್ದವಳಿಗೆ ಮೊದಲ ಸಾಲಿಗೇ ಮಧ್ಯಾಹ್ನ ಕಳೆಯಿತು. ತನ್ನನ್ನು ಹೊರಗಿನಿಂದ ನೋಡಿದವರು ಯಾರೂ ಇಲ್ಲ. ಆ ಪ್ರಯೋಗಾಲಯದಲ್ಲಿ ನೋಡುವವಳು ಅವಳೇ ಆಗಿದ್ದಳು. ಅದಕ್ಕೇ ಗುಣನಡತೆಯ ಮಾತನ್ನು ವಾಡಿಕೆಯಂತೆ ಮೂರು ಸಾಲಿಗೆ ಮುಗಿಸಿ, ಉಳಿದದ್ದೆಲ್ಲ ಕೆಲಸವನ್ನೇ ಬರೆದಳು. ಕೊನೆಯ ವರ್ಷದ ಪಾಠ ಪೂರ್ತಿ ಇವರದು. ಎಲ್ಲ ವರ್ಷಗಳ ಪ್ರಾಯೋಗಿಕ ತರಗತಿ ಇವರದು. ಸುತ್ತಿನ ನಾಲ್ಕು ತಾಲೂಕುಗಳ ಇನ್ನೂರ ಹನ್ನೆರಡು ಗಿಡಗಳನ್ನು ಒಣಗಿಸಿ, ಹಾಳೆಗೆ ಹೊಲಿದು, ಹೆಸರು ಹಚ್ಚಿ ಕಾಲೇಜಿಗೆ ಹರ್ಬೇರಿಯಂ ಮಾಡಿಕೊಟ್ಟವರು ಇವರು. ಎಲ್ಲ ನಿಜ. ಒಂದೂ ಹೆಚ್ಚಿನ ಮಾತಿರಲಿಲ್ಲ.

ಲಕ್ಕಮ್ಮ ಅವರೆಕಾಯಿ ಸುಲಿಯುತ್ತ ಇದನ್ನೇ ನೋಡುತ್ತಿದ್ದಳು. "ನಿಮ್ಮ ಸಾಹೇಬ್ರು ಬರೀಬೇಕಾದ್ದು ಅದೇ ಏನವ್ವಾ?" ಎಂದಳು.

ಹೌದೆಂದಳು ಶ್ರೀಲತಾ.

"ಬೀದಿಯೋರ್ನ ಕೇಳ್ತಾರೆ ಅಂತಿದ್ದೆ. ಇಲ್ಲಿ ಹೆಣ್ಣೇ ಬೀದೀಲಿ ನಿಂತು ತನ್ನ ಗುಣ ತಾನೇ ಹೇಳ್ಕಂತಾವ್ಳೆ."

ಸುಮ್ಮನಿರವ್ವಾ ಎಂದು ಮಗಳು ಗದರಿದಳು. ಮುದುಕಿ ಮತ್ತೆ ಅವರೆಕಾಯಿ ಸುಲಿಯತೊಡಗಿದಳು.

ಸೋಮವಾರ ನರಸಿಂಹರಾಜು ಕನ್ನಡಕ ಹಾಕಿಕೊಂಡು ಎರಡೂ ಪುಟವನ್ನು ನಿಧಾನವಾಗಿ ಓದಿದರು. ಮಕ್ಕಳ ಪತ್ರಗಳನ್ನು ಅವರು ಓದುತ್ತಲೇ ಇರಲಿಲ್ಲ. ಸಹಿ ಹಾಕುವ ಜಾಗ ಎಲ್ಲಿದೆಯೆಂದು ನೋಡುತ್ತಿದ್ದರು ಅಷ್ಟೇ. ಓದಿ ಮುಗಿಸಿ ಕೆಂಪು ಪೆನ್ನು ತೆಗೆದರು.

"ಹರ್ಬೇರಿಯಂ ವಿಚಾರ ಬೇಡ ಮೇಡಂ. ನ್ಯಾಕ್‌ನೋರು ಬಂದಾಗ ಕೊಟ್ಟ ಫೈಲಲ್ಲಿ ಅದು ನನ್ನ ಹೆಸರಲ್ಲಿದೆ. ನಿಮಗೇ ಗೊತ್ತಲ್ಲ."

ಗೊತ್ತಿತ್ತು. ಕಾಲೇಜಿಗೆ ದರ್ಜೆ ಕೊಡಲು ಬಂದ ಆ ತಂಡಕ್ಕಾಗಿ ಫೈಲನ್ನು ಬರೆದವಳೂ ಅವಳೇ.

"ಕೊನೇ ವರ್ಷದ ಪೇಪರ್ ನಾನು ಮಾಡೋದು ಅನ್ನೋದನ್ನೂ ತೆಗೀಬೇಕಾ ಸಾರ್?"

"ಟೈಮ್‌ಟೇಬಲ್ಲಲ್ಲಿ ಅದು ನನ್ನ ಪೀರಿಯಡ್ಡು. ನೀವು ಮಾಡ್ತೀರಿ ಅಂತ ನಾನೇ ಸೈನ್ ಹಾಕಿ ಕಳಿಸಿದ್ರೆ, ಹಾಗಾದ್ರೆ ನೀನೇನ್ ಮಾಡ್ತಿದ್ದೆಯಪ್ಪಾ ಅಂತ ನನ್ನ ಕೇಳಲ್ವಾ? ಪೆನ್ಷನ್ ಪೇಪರ್ ಹೋಗೋ ಟೈಮು." ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಬೇಡಿಕೆಯಿತ್ತು. ಅದೇ ಅವಳ ಕೈ ಕಟ್ಟಿತು. ಸಿಟ್ಟು ಮಾಡಿದ್ದರೆ ಬಹುಶಃ ಜಗಳವಾಡುತ್ತಿದ್ದಳು.

ಕೆಂಪು ಗೆರೆಗಳು ಮುಗಿದಾಗ ನಾಲ್ಕು ಸಾಲು ಉಳಿದಿದ್ದವು. ಇವರು ನನ್ನ ವಿಭಾಗದಲ್ಲಿ ಅತಿಥಿ ಉಪನ್ಯಾಸಕರು. ಸಮಯಕ್ಕೆ ಸರಿಯಾಗಿ ಬರುತ್ತಾರೆ. ಸಹೋದ್ಯೋಗಿಗಳೊಂದಿಗೆ ಹೊಂದಿಕೊಂಡು ಹೋಗುತ್ತಾರೆ. ನಡತೆ ತೃಪ್ತಿಕರ.

ಇದು ನಡತೆ ಪ್ರಮಾಣಪತ್ರವಾಯಿತಲ್ಲ ಸಾರ್ ಎಂದಳು ಶ್ರೀಲತಾ. ಎರಡೂ ಒಂದೇ ಅಲ್ವಾ ಮೇಡಂ ಎಂದರು ಅವರು, ನಿಜವಾಗಿಯೂ ಹಾಗೆ ನಂಬಿ. ಸಹಿ ಇದ್ದರೆ ಆಯಿತು, ಒಳಗೇನಿದೆ ಅಂತ ಯಾರು ನೋಡ್ತಾರೆ ಎಂದು ಸಮಾಧಾನವನ್ನೂ ಹೇಳಿದರು.

ಅರ್ಜಿಯ ಕೊನೆಯ ದಿನಕ್ಕೆ ಎರಡು ದಿನವಿತ್ತು. ಬೇರೆ ಯಾರನ್ನು ಕೇಳುವುದು? ಕೊರಟಗೆರೆಯಲ್ಲಿ ಆಗ ಮುಖ್ಯಸ್ಥರಾಗಿದ್ದವರು ತೀರಿಕೊಂಡಿದ್ದರು. ಪಾವಗಡದಲ್ಲಿ ವಿಭಾಗಕ್ಕೆ ಮುಖ್ಯಸ್ಥರೇ ಇರಲಿಲ್ಲ. ಅವಳು ನಾಲ್ಕು ಸಾಲನ್ನು ಟೈಪು ಮಾಡಿ ತಂದಳು. ರಂಗೇಶ ಓದಿ ಮುದ್ರೆಯನ್ನು ಎರಡು ಸಲ ಒತ್ತಿದ, ಒಂದು ಸರಿಯಾಗಿ ಮೂಡಲಿಲ್ಲವೆಂದು.

ಸಂದರ್ಶನದ ದಿನ ಹನ್ನೊಂದು ಜನ ಬಂದಿದ್ದರು. ಸೀಟು ಎರಡು. ಶ್ರೀಲತಾಳ ಸರದಿ ಒಂಬತ್ತನೆಯದು. ಊಟದ ಹೊತ್ತು ದಾಟಿತ್ತು. ಒಳಗೆ ಮೂವರು ಕೂತಿದ್ದರು. ನಡುವೆ ವಿಭಾಗದ ಅಧ್ಯಕ್ಷರು, ಎಡಗಡೆ ಹೊರಗಿನಿಂದ ಬಂದ ಪ್ರಾಧ್ಯಾಪಕರೊಬ್ಬರು, ಬಲಗಡೆ ಬಿಂದುಶ್ರೀ. ಬಿಂದುಶ್ರೀ ಬರಗೂರಿನ ಹುಡುಗಿ, ಮಧುಗಿರಿಯಲ್ಲಿ ಶ್ರೀಲತಾಳ ವಿದ್ಯಾರ್ಥಿನಿ. ಹೊರರಾಜ್ಯದ ಸಂಶೋಧನಾ ಸಂಸ್ಥೆಯೊಂದರಲ್ಲಿ ಓದಿ, ಇಲ್ಲಿ ಸಹಾಯಕ ಪ್ರಾಧ್ಯಾಪಕಿಯಾಗಿ ಸೇರಿ ಒಂದು ವರ್ಷವಾಗಿತ್ತು. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಅವಳು ಎದ್ದು ನಮಸ್ಕಾರ ಮಾಡಿ, ಮೇಡಂ ನಮಗೆ ಪ್ರಾಕ್ಟಿಕಲ್ ಮಾಡಿದ್ದವರು ಸಾರ್ ಎಂದು ಅಧ್ಯಕ್ಷರಿಗೆ ಹೇಳಿದಳು.

ಮೊದಲ ಹದಿನೈದು ನಿಮಿಷ ಚೆನ್ನಾಗಿಯೇ ಹೋಯಿತು. ಮದಲೂರು ಕೆರೆಯ ವಿಷಯದಲ್ಲಿ ಅವಳನ್ನು ಎಲ್ಲಿ ಮುಟ್ಟಿದರೂ ಉತ್ತರವಿತ್ತು. ಹೊರಗಿನಿಂದ ಬಂದವರು ಬಳ್ಳಾರಿ ಜಾಲಿಯ ಬಗ್ಗೆ ಕೇಳಿ, ಉತ್ತರವನ್ನು ತಮ್ಮ ಕಾಗದದಲ್ಲಿ ಬರೆದುಕೊಂಡರು. ಆಮೇಲೆ ಅಧ್ಯಕ್ಷರು ಲಕೋಟೆಗಳನ್ನು ಕತ್ತರಿಸಿ ತೆಗೆದರು.

ಒಂದನ್ನು ಓದಿ ಪಕ್ಕಕ್ಕಿಟ್ಟರು. ಇನ್ನೊಂದನ್ನು ತಿರುಗಿಸಿ ನೋಡಿದರು, ಹಿಂದೆ ಏನಾದರೂ ಇದೆಯೇ ಎಂದು.

"ಇಷ್ಟು ವರ್ಷ ಜೊತೆಯಲ್ಲಿದ್ದ ಮುಖ್ಯಸ್ಥರು ಬರೆದಿರೋದು ಇಷ್ಟೇ. ಸಮಯಕ್ಕೆ ಬರ್ತಾರೆ, ನಡತೆ ಚೆನ್ನಾಗಿದೆ."

ಹೊರಗಿನಿಂದ ಬಂದವರು, ಆ ಕಡೆಯವರು ಹೀಗೇ ಬರೆಯೋದು ಸಾರ್, ಅವರಿಗೆ ಬರೆಯೋಕೆ ಬರಲ್ಲ ಎಂದು ಬಿಟ್ಟುಬಿಡಲು ನೋಡಿದರು. ಅಷ್ಟಕ್ಕೇ ಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಬಿಂದುಶ್ರೀಗೆ ತನ್ನ ಗುರುಗಳ ಮೇಲೆ ಮಾತು ಬಂತೆನಿಸಿತು.

"ಇಲ್ಲ ಸಾರ್, ನರಸಿಂಹರಾಜು ಸಾರ್ ತುಂಬಾ ಚೆನ್ನಾಗಿ ಬರೀತಾರೆ. ನನಗೆ ಎರಡು ಪುಟ ಬರೆದುಕೊಟ್ಟಿದ್ದರು. ಅಲ್ಲಿ ಸೇರಿಕೊಂಡ ಮೇಲೆ ನಮ್ಮ ಗೈಡು ತೋರಿಸಿದರು. ಗೊತ್ತಿಲ್ಲದ ಗಿಡಕ್ಕೆ ಈ ಹುಡುಗಿ ಹೆಸರು ಊಹಿಸುವುದಿಲ್ಲ, ಹೂ ಬಿಡುವವರೆಗೆ ಕಾಯುತ್ತಾಳೆ, ಅಂತ ಒಂದು ಸಾಲಿತ್ತು. ಅದನ್ನ ಓದಿಯೇ ನನ್ನ ತಗೊಂಡಿದ್ದು ಅಂದರು."

ಅವಳು ಕೆಡುಕು ಬಯಸಿ ಆಡಿದ ಮಾತಲ್ಲ ಅದು. ಅಧ್ಯಕ್ಷರು ಮತ್ತೆ ನಾಲ್ಕು ಸಾಲಿನ ಕಾಗದ ಕೈಗೆತ್ತಿಕೊಂಡರು. ಬರೆಯಲು ಬಾರದವನು ನಾಲ್ಕು ಸಾಲು ಬರೆದರೆ ಅದು ಅವನ ಕೊರತೆ. ಬರೆಯಬಲ್ಲವನು ನಾಲ್ಕೇ ಸಾಲು ಬರೆದರೆ ಅದು ಅಭ್ಯರ್ಥಿಯ ಕೊರತೆ. ಅವರು ಹಾಗೆಂದು ಬಾಯಿಬಿಟ್ಟು ಹೇಳಲಿಲ್ಲ, ಕೇಳಿದ್ದು ಇಷ್ಟೇ.

"ಅಷ್ಟು ಬರೆಯಬಲ್ಲವರು ನಿಮ್ಮ ವಿಷಯದಲ್ಲಿ ಯಾಕೆ ಕೈ ಬಿಗಿಹಿಡಿದರು, ಹೇಳಬಲ್ಲಿರಾ?"

ಶ್ರೀಲತಾಳಿಗೆ ಆ ಸಾಲು ಬರೆದ ದಿನ ನೆನಪಿತ್ತು. ಮೂರು ವಾರ ಒಂದು ಬಳ್ಳಿಯ ಮೊಗ್ಗನ್ನು ದಿನಾ ಬಂದು ನೋಡಿಹೋಗುತ್ತಿದ್ದ ಹುಡುಗಿ ಈಗ ಎದುರಿಗೆ ಕೂತು, ಆ ಸಾಲಿಗಾಗಿ ಇನ್ನೊಬ್ಬರನ್ನು ನೆನೆಯುತ್ತಿದ್ದಳು.

"ಆ ಪತ್ರ ಬರೆದದ್ದು ನಾನು ಸಾರ್" ಎಂದಳು.

ಅಧ್ಯಕ್ಷರು ಹಳಬರು, ಈ ಪದ್ಧತಿಯನ್ನು ಬಲ್ಲವರು. ತಾವೂ ಒಂದು ಕಾಲದಲ್ಲಿ ಹೀಗೆ ಬರೆದುಕೊಟ್ಟವರೇ ಇರಬಹುದು. ಅವರು ಅವಳಿಗೆ ದಾರಿ ಬಿಟ್ಟುಕೊಟ್ಟರು. "ಅಂದರೆ ಅವರು ಹೇಳಿದರು, ನೀವು ಟೈಪ್ ಮಾಡಿಕೊಟ್ಟಿರಿ. ಅಷ್ಟೇ ತಾನೆ?"

ಹೌದು ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು.

"ಇಲ್ಲ ಸಾರ್. ಬರೆದದ್ದೇ ನಾನು. ಹನ್ನೊಂದು ವರ್ಷದಿಂದ ಎಲ್ಲರದ್ದೂ ನಾನೇ ಬರೆದಿದ್ದೇನೆ."

"ಹಾಗಾದರೆ ಇದು?" ಅವರು ಕೈಯಲ್ಲಿದ್ದ ಕಾಗದವನ್ನು ಅಲ್ಲಾಡಿಸಲಿಲ್ಲ, ಸುಮ್ಮನೆ ಮೇಜಿನ ಮೇಲಿಟ್ಟರು.

"ಅದನ್ನೂ ನಾನೇ ಬರೆದೆ. ಎರಡು ಪುಟ ಬರೆದಿದ್ದೆ. ಅವರು ಹೊಡೆದುಹಾಕಿ ಉಳಿದದ್ದು ಅದು."

ಇದನ್ನು ಧೈರ್ಯವೆಂದು ಹೊಗಳುವುದು ಸುಲಭ. ಅವಳಿಗೆ ಆಗ ಧೈರ್ಯದ ಯೋಚನೆಯೇ ಇರಲಿಲ್ಲ. ತನ್ನ ಮಾತು ತನ್ನದೆಂದು ಒಮ್ಮೆ ಕೇಳಿಸಿಕೊಳ್ಳುವ ಹಟವೊಂದೇ ಇತ್ತು. ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿದ್ದ ಸಂಗತಿಯೇ ಅದು. ಗೊತ್ತಿರುವವರೆಗೆ ಅದು ಪದ್ಧತಿ. ಸಂದರ್ಶನದಲ್ಲಿ ಬಾಯಿಬಿಟ್ಟು ಹೇಳಿದ ಮೇಲೆ ಅಪರಾಧ. ಅಧ್ಯಕ್ಷರು ಪೆನ್ನಿನ ಕ್ಯಾಪು ಹಾಕಿ, ತಿಳಿಸುತ್ತೇವೆ ಎಂದರು.

ಬಿಂದುಶ್ರೀ ಮೊಗಸಾಲೆಯವರೆಗೆ ಹಿಂದೆಯೇ ಬಂದಳು.

"ಮೇಡಂ, ಅಲ್ಯಾಕೆ ಹೇಳೋಕೆ ಹೋದ್ರಿ? ಈಗ ನನ್ನ ಲೆಟರೂ ಸುಳ್ಳು ಅಂತಾಯ್ತಲ್ಲ. ನನಗಿನ್ನೂ ಪ್ರೊಬೇಷನ್ ಮುಗಿದಿಲ್ಲ."

"ಅದರಲ್ಲಿ ಸುಳ್ಳು ಒಂದೂ ಇರಲಿಲ್ಲ ಬಿಂದು."

"ಸೈನು?"

ಒಳಗಿನಿಂದ ಕರೆದರೆಂದು ಬಿಂದುಶ್ರೀ ತಿರುಗಿ ಹೋದಳು. ನೀವು ಬರೆದದ್ದಕ್ಕೆ ನನಗೆ ಸೀಟು ಸಿಕ್ಕಿತು ಎಂಬ ಮಾತು ಅವಳ ಬಾಯಿಂದ ಅಂದೂ ಬರಲಿಲ್ಲ, ಆಮೇಲೂ ಬರಲಿಲ್ಲ. ಅವಳನ್ನು ದೂರುವಂತಿಲ್ಲ. ಹೊಸ ನೌಕರಿ, ಒಂದು ವರ್ಷದ ಸರ್ವೀಸು; ಹೆದರುವುದಕ್ಕೆ ಕಾರಣವಿತ್ತು.

ಎರಡು ವಾರದ ಮೇಲೆ ಪಟ್ಟಿ ಬಂತು. ಶ್ರೀಲತಾಳ ಹೆಸರಿರಲಿಲ್ಲ. ಕಾರಣವನ್ನು ಯಾರೂ ಬರೆದಿರಲಿಲ್ಲ, ಬರೆಯುವ ಕ್ರಮವೂ ಇಲ್ಲ. ಸುದ್ದಿ ಮಧುಗಿರಿಯವರೆಗೆ ಬಂದಿತ್ತು. ನರಸಿಂಹರಾಜು ಫೋನು ಮಾಡಿ, ಹೀಗಾಗಬಾರದಿತ್ತು ಎಂದರು. ಯಾವುದು ಆಗಬಾರದಿತ್ತೆಂದು ಅವರು ಬಿಡಿಸಿ ಹೇಳಲಿಲ್ಲ, ಅವಳೂ ಕೇಳಲಿಲ್ಲ. ವಿಚಾರಣೆ ಏನೂ ಆಗಲಿಲ್ಲ. ಅವರ ಪಿಂಚಣಿಯ ಕಾಗದಗಳು ತಮ್ಮ ಪಾಡಿಗೆ ಮುಂದೆ ಹೋದವು.

ಸೀಟು ಸಿಗಲಿಲ್ಲವೆಂದು ಲಕ್ಕಮ್ಮನಿಗೆ ಹೇಳಿದಾಗ ಮುದುಕಿ, ನಿಮ್ಮ ಸಾಹೇಬ್ರು ಇನ್ನೊಂದ್ ನಾಕು ಮಾತು ಬರ್ದಿದ್ರೆ ಅವ್ರ ಗಂಟೇನು ಹೋಯ್ತಿತ್ತು ಎಂದಳು. ಹೋಗುತ್ತಿತ್ತು ಎಂಬುದನ್ನು ಶ್ರೀಲತಾ ವಿವರಿಸಲಿಲ್ಲ.

ಆಗಸ್ಟಿನಲ್ಲಿ ಕಾಲೇಜು ಶುರುವಾಯಿತು. ಅವಳ ಜಾಗಕ್ಕೆ ನವೀನ್ ಕುಮಾರ್ ಎಂಬ ಇಪ್ಪತ್ತೇಳು ವರ್ಷದವನು ಬಂದ, ನೆಟ್ ಪಾಸಾದವನು. ಶ್ರೀಲತಾ ಶಿರಾದ ಮನೆಯ ಮುಂದಿನ ಕೋಣೆಯಲ್ಲಿ ಪಿಯು ಮಕ್ಕಳು ಆರು ಜನಕ್ಕೆ ಜೀವಶಾಸ್ತ್ರದ ಟ್ಯೂಷನ್ ಹೇಳುತ್ತಿದ್ದಳು. ಒಂದು ಸಂಜೆ ಅವನು ಫೋನು ಮಾಡಿದ. ರಂಗೇಶಣ್ಣ ನಂಬರ್ ಕೊಟ್ಟರು ಮೇಡಂ, ತಪ್ಪು ತಿಳೀಬೇಡಿ ಎಂದ. ಮೊದಲ ಪ್ರಯೋಗಕ್ಕೆ ಯಾವ ಎಲೆ ತರಿಸಬೇಕು, ಎಷ್ಟು ದಿನ ಮುಂಚೆ ಹೇಳಬೇಕು, ಬಣ್ಣದ ದ್ರಾವಣ ಎಷ್ಟು ತೆಳುವಾಗಿರಬೇಕು ಎಂದು ಒಂದೊಂದಾಗಿ ಕೇಳಿದ. ಒಳ್ಳೆಯ ಹುಡುಗ, ಕೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದ, ನಡುನಡುವೆ ಒಂದು ನಿಮಿಷ ಮೇಡಂ ಎನ್ನುತ್ತಿದ್ದ.

ಶ್ರೀಲತಾ ಮಕ್ಕಳಿಗೆ ಪುಸ್ತಕ ನೋಡುತ್ತಿರಿ ಎಂದು ಹೇಳಿ ಹೊರಗಿನ ಮೆಟ್ಟಿಲ ಮೇಲೆ ಕೂತು, ಮುಕ್ಕಾಲು ಗಂಟೆ ಅವನಿಗೆ ಎಲ್ಲವನ್ನೂ ಹೇಳಿಕೊಟ್ಟಳು.